ಅಂಚು ಮುಚ್ಚಬೇಡಿ

ಇಪ್ಪತ್ತಾರು ವರ್ಷ ಊರವರ ಚಿತ್ರಗಳಿಗೆಲ್ಲ ಚೌಕಟ್ಟು ಹಾಕಿದವನು ಕೊನೆಗೊಂದು ದಿನ ತನ್ನ ಹೆಂಡತಿಯ ಚಿತ್ರಕ್ಕೂ ಚೌಕಟ್ಟು ಹಾಕಬೇಕಾಗಿ ಬಂದಾಗ ಏನು ಮಾಡಿದ ಎನ್ನುವುದೇ ಈ ಕಥೆ. ಮಾಡಿದ್ದು ಅಂಥ ದೊಡ್ಡ ಕೆಲಸವೇನಲ್ಲ. ಅಳೆದರೆ ಮೂರು ಸೆಂಟಿಮೀಟರು.

ಬೀದಿಯವರು ಅವನನ್ನು ಫ್ರೇಮಣ್ಣ ಎನ್ನುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಅಂಗಡಿಯ ಮೂಲೆಯಲ್ಲಿ ಗೋಡೆಗೆ ಆನಿಸಿದ ಉದ್ದುದ್ದ ಮರದ ಪಟ್ಟಿಗಳು, ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿದ ಗಾಜಿನ ಹಾಳೆಗಳು, ನಡುವೆ ಹಳೆಯ ಕಂಬಳಿ ಹಾಸಿದ ದೊಡ್ಡ ಮೇಜು. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಒಂದು ದೋಣಿಯ ಚಿತ್ರ ಇತ್ತು. ಬರೆದವನು ಫ್ರೇಮಣ್ಣನೇ. ಹರೆಯದಲ್ಲಿ ಚಿತ್ರಕಾರನಾಗುತ್ತೇನೆಂದು ಹೊರಟು, ಕಲಾಶಾಲೆಯ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಡುಮ್ಕಿ ಹೊಡೆದು, ಬಾಯಿ ಮುಚ್ಚಿಕೊಂಡು ಅಪ್ಪನ ಅಂಗಡಿಗೆ ಬಂದು ಕೂತವನು. ಗಿರಾಕಿಗಳು ದೋಣಿಯ ಮುಂದೆ ನಿಂತು ತಲೆ ಓರೆ ಮಾಡಿ ನೋಡಿದಾಗಲೆಲ್ಲ ಅವನ ಎದೆ ಉಬ್ಬುತ್ತಿತ್ತು. ನೋಡಿದ ಮೇಲೆ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಈ ಫ್ರೇಮು ನಮ್ಮ ಫೋಟೋಗೂ ಸಿಗುತ್ತಾ?"

ಒಂದು ವರ್ಷ ಗ್ರಂಥಾಲಯದವರ ಪ್ರದರ್ಶನಕ್ಕೂ ಆ ದೋಣಿಯನ್ನು ಹೊತ್ತುಕೊಂಡು ಹೋಗಿದ್ದ. ಪ್ರತಿ ವರ್ಷ ಅಲ್ಲಿಗೆ ಬಂದ ಚಿತ್ರಗಳಲ್ಲಿ ಒಂದನ್ನು ಆರಿಸಿ ಓದುವ ಕೋಣೆಯ ಗೋಡೆಗೆ ಖಾಯಂ ಆಗಿ ಹಾಕುತ್ತಾರೆ. "ಕೆಲಸ ತುಂಬ ಅಚ್ಚುಕಟ್ಟಾಗಿದೆ" ಎಂದು ಚೀಟಿ ಬರೆದು ವಾಪಸು ಕಳಿಸಿದ್ದರು. ಅಚ್ಚುಕಟ್ಟು ಎಂದದ್ದು ಚೌಕಟ್ಟಿಗೆ ಎಂದು ಅವನಿಗೆ ಎರಡು ದಿನ ಬಿಟ್ಟು ಹೊಳೆಯಿತು.

ಇಂಥವನ ಮನೆಯಲ್ಲಿ ಹೆಂಡತಿ ಚಿತ್ರ ಮಾಡಲು ಶುರು ಮಾಡಿದಳು. ಅದೂ ಹೇಗೆ? ಕಸದಿಂದ.

ಸಂಜೆ ಅಂಗಡಿ ಗುಡಿಸುವುದು ಅವಳ ಕೆಲಸವಾಗಿತ್ತು. ಮೇಜಿನ ಕೆಳಗಿನ ಡಬ್ಬದಲ್ಲಿ ಏನೇನೋ ಬೀಳುತ್ತಿತ್ತು: ಬಣ್ಣದ ರಟ್ಟಿನ ಚೂರು, ಹಳೆಯ ಚೌಕಟ್ಟುಗಳ ಬೆನ್ನಿಗೆ ಅಂಟಿಸಿದ್ದ ಕಂದು ಕಾಗದ, ಅದರ ಒಳಗೆ ಯಾರೋ ತುರುಕಿದ್ದ ನಲವತ್ತು ವರ್ಷದ ಹಿಂದಿನ ಪತ್ರಿಕೆ, ಹರಿದ ಕ್ಯಾಲೆಂಡರು. ಎಸೆಯಲು ಮನಸ್ಸು ಬಾರದೆ ಅವಳು ಚೂರುಗಳನ್ನು ಒಂದು ಚಪ್ಪಲಿ ಡಬ್ಬದಲ್ಲಿ ಹಾಕಿಡತೊಡಗಿದಳು. ಒಂದು ಡಬ್ಬ ನಾಲ್ಕಾಯಿತು.

"ಏನೇ, ಇಲಿ ಥರ ಗೂಡು ಕಟ್ತಾ ಇದೀಯಾ?" ಎಂದು ಅವನು ಛೇಡಿಸಿದ.

"ಹೌದು ಕಣ್ರೀ, ನಿಮಗೂ ಒಂದು ಮೂಲೆ ಬಿಟ್ಟಿರ್ತೀನಿ" ಎಂದಳು ಅವಳು.

ಮೊದಲ ಚಿತ್ರ ಒಂದು ಬೆಕ್ಕು. ಅಂಟು ಹೆಚ್ಚಾಗಿ ಕಾಗದವೆಲ್ಲ ಸುಕ್ಕುಗಟ್ಟಿತ್ತು. ಅವನು ಮಗುವಿಗೆ ಹೇಳುವ ಹಾಗೆ "ಭೇಷ್" ಎಂದ. ಎರಡನೆಯದು ಕಿಟಕಿ. ಅದಕ್ಕೂ ಭೇಷ್ ಎಂದ. ಐದನೆಯದೋ ಆರನೆಯದೋ ಒಂದು ಇಸ್ತ್ರಿ ಅಂಗಡಿಯ ಚಿತ್ರ. ಮಡಚಿಟ್ಟ ಬಟ್ಟೆಯ ರಾಶಿಯನ್ನು ಬರೀ ಲಕೋಟೆಗಳ ಒಳಮೈಯಿಂದ ಮಾಡಿದ್ದಳು, ತೆಳು ನೀಲಿ ಗೆರೆಯವು. ಅದನ್ನು ಕಂಡಾಗ ಅವನ ಕೈಯಲ್ಲಿದ್ದ ಬ್ಲೇಡು ಹಾಗೇ ನಿಂತಿತು. ಭೇಷ್ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು. ನನ್ನ ಕಸ, ನನ್ನ ಅಂಟು, ನನ್ನ ಬ್ಲೇಡು, ಚಿತ್ರ ಮಾತ್ರ ಇವಳದು ಎಂದುಕೊಂಡ. ಅಂದಿನಿಂದ ಕಸದ ಡಬ್ಬಕ್ಕೆ ಬೀಳುವ ಒಳ್ಳೆಯ ಚೂರುಗಳನ್ನು ಅವನು ಬೇಕೆಂದೇ ಇನ್ನಷ್ಟು ಸಣ್ಣಗೆ ಕತ್ತರಿಸಿ ಹಾಕತೊಡಗಿದ. ಅವಳಿಗೆ ಅದರಿಂದ ಅನುಕೂಲವೇ ಆಯಿತು.

ಅವಳು ಕೆಲಸ ಮಾಡುವುದನ್ನು ಅವನು ಕಳ್ಳನ ಹಾಗೆ ನೋಡುತ್ತಿದ್ದ. ಮೊದಲು ಚೂರುಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ ತಟ್ಟೆಗಳಲ್ಲಿ ಹರಡುತ್ತಿದ್ದಳು. ಕತ್ತರಿ ಕಡಿಮೆ, ಹರಿಯುವುದೇ ಹೆಚ್ಚು. ಬಣ್ಣದ ಕಾಗದವನ್ನು ತನ್ನ ಕಡೆಗೆ ಎಳೆದು ಹರಿದರೆ ಅಂಚಿನಲ್ಲಿ ಬಿಳಿ ಎಳೆ ಉಳಿಯುತ್ತದೆ, ಆಚೆಗೆ ತಳ್ಳಿ ಹರಿದರೆ ಉಳಿಯುವುದಿಲ್ಲ. ಬಿಳಿ ಎಳೆಯನ್ನು ಅವಳು ಬೆಳಕು ಬೀಳುವ ಕಡೆ ಇಡುತ್ತಿದ್ದಳು. ಅಂಟು ಮುಟ್ಟುವ ಮೊದಲು ಎಲ್ಲವನ್ನೂ ರಟ್ಟಿನ ಮೇಲೆ ಸುಮ್ಮನೆ ಜೋಡಿಸಿ ಒಂದು ದಿನ ಬಿಡುತ್ತಿದ್ದಳು. ಹೋಗುತ್ತಾ ಬರುತ್ತಾ ಒಂದೊಂದು ಚೂರನ್ನು ಬೆರಳ ತುದಿಯಿಂದ ಸರಿಸುತ್ತಿದ್ದಳು. ಮನಸ್ಸಿಗೆ ಒಪ್ಪಿದ ಮೇಲೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ, ತೆಳುವಾದ ಅಂಟನ್ನು ಚೂರಿನ ಬೆನ್ನಿಗೆ ನಡುವಿನಿಂದ ಅಂಚಿಗೆ ಸವರಿ, ಕೂರಿಸಿ, ಮೇಲೊಂದು ಶುಭ್ರ ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜುತ್ತಿದ್ದಳು. ಹಿಂದೆ ಇರಬೇಕಾದದ್ದು ಮೊದಲು, ಮುಂದಿನದು ಆಮೇಲೆ. ಯಾರೂ ಹೇಳಿಕೊಟ್ಟದ್ದಲ್ಲ.

ಒಂದು ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ಒಣಗಿದ ಮೇಲೆ ರಟ್ಟು ಬಾಣಲೆಯ ಹಾಗೆ ಬಾಗುತ್ತಿತ್ತು. ಎಷ್ಟು ಭಾರ ಹೇರಿದರೂ ಅಷ್ಟೇ.

"ಯಾಕ್ರೀ ಹೀಗಾಗುತ್ತೆ?" ಎಂದು ಕೇಳಿದಳು.

ಕಾರಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಕಡೆ ಕಾಗದ ಅಂಟಿಸಿದರೆ ಅದು ಒಣಗುತ್ತಾ ರಟ್ಟನ್ನು ಎಳೆಯುತ್ತದೆ. ಬೆನ್ನಿಗೂ ಒಂದು ಹಾಳೆ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮ, ರಟ್ಟು ನೆಟ್ಟಗೆ. ಅವನ ಕಸುಬಿನಲ್ಲಿ ಇದು ಮೊದಲ ಪಾಠ.

"ಹವೆ ಇರಬೇಕು" ಎಂದ ಫ್ರೇಮಣ್ಣ.

ನಾಲ್ಕು ತಿಂಗಳು ಅವಳು ಹವೆಯನ್ನೇ ಬೈದುಕೊಂಡು ಇದ್ದಳು.

ಗುಟ್ಟು ಬಿಚ್ಚಿದ್ದು ಡ್ರಾಯಿಂಗ್ ಮೇಷ್ಟ್ರು. ನಿವೃತ್ತರು, ಮಾತಿಗೆ ಕೂತರೆ ಏಳುವವರಲ್ಲ. ಹಳೆಯ ಫೋಟೋದ ಗಾಜು ಬದಲಿಸಲು ಬಂದವರು ಮೇಜಿನ ಕೆಳಗೆ ಇಟ್ಟಿದ್ದ ಇಸ್ತ್ರಿ ಅಂಗಡಿಯ ಚಿತ್ರವನ್ನು ನೋಡಿದರು. ಅಷ್ಟು ಹೊತ್ತೂ ಅವರ ತಲೆಯ ಮೇಲೇ ಇದ್ದ ದೋಣಿಯನ್ನು ನೋಡಲಿಲ್ಲ.

"ಇದನ್ನ ಯಾರು ಮಾಡಿದ್ದು?"

"ನಮ್ಮ ಮನೆಯವಳು. ಏನೋ ಹೊತ್ತು ಹೋಗದೆ ಅಂಟಿಸ್ತಾಳೆ" ಎಂದ ಅವನು.

"ಹೊತ್ತು ಹೋಗದೆ ಅಂಟಿಸೋದು ಅಂದ್ರೆ ಏನಂದ್ಕೊಂಡ್ರಿ? ಇದಕ್ಕೆ ಕೊಲಾಜ್ ಅಂತಾರೆ. ಹೆಸರಿನ ಅರ್ಥವೇ ಅಂಟಿಸೋದು." ಮೇಷ್ಟ್ರು ಕುರ್ಚಿ ಎಳೆದುಕೊಂಡರು. ಜಪಾನಿನಲ್ಲಿ ಎಂಟುನೂರು ಒಂಬೈನೂರು ವರ್ಷದ ಹಿಂದೆಯೇ ಬಣ್ಣಬಣ್ಣದ ಕಾಗದ ಹರಿದು ಅಂಟಿಸಿ ಅದರ ಮೇಲೆ ಪದ್ಯ ಬರೆಯುತ್ತಿದ್ದರಂತೆ. ಇನ್ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ವಿಧವೆ ಎಪ್ಪತ್ತು ದಾಟಿದ ಮೇಲೆ ಕತ್ತರಿ ಹಿಡಿದು, ಕಣ್ಣು ಸೋಲುವುದರೊಳಗೆ ಸಾವಿರದ ಹತ್ತಿರ ಕಾಗದದ ಹೂವಿನ ಚಿತ್ರ ಮಾಡಿದಳಂತೆ. ಆಮೇಲೆ ನೂರು ಚಿಲ್ಲರೆ ವರ್ಷದ ಹಿಂದೆ ಪ್ಯಾರಿಸಿನ ಇಬ್ಬರು ಚಿತ್ರಕಾರರು ಮೇಜಿಗೆ ಹಾಸುವ ಬಟ್ಟೆಯ ತುಂಡು, ಗೋಡೆ ಕಾಗದ, ದಿನಪತ್ರಿಕೆ ತಂದು ಚಿತ್ರದ ಮೇಲೆ ಮೆತ್ತಿದಾಗ ಜನ ಇದೂ ಒಂದು ಕಲೆಯಾ ಎಂದು ಮೂಗು ಮುರಿದರಂತೆ. "ಅಲ್ಲೀವರೆಗೆ ಇದು ಹೆಂಗಸರು ಮಕ್ಕಳು ಆಲ್ಬಮ್ಮಿಗೆ ಅಂಟಿಸೋ ಆಟ. ಗಂಡಸರು ಮಾಡಿದ ಮೇಲೆ ನೋಡಿ, ಕಲೆ ಆಗೋಯ್ತು" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿಯ ಕಣ್ಣು ಅರಳಿತ್ತು. ಇಷ್ಟು ದಿನ ಒಬ್ಬಳೇ ಇದ್ದೆನೆಂದುಕೊಂಡವಳಿಗೆ ಒಮ್ಮೆಲೇ ದೊಡ್ಡ ಸಂಸಾರ ಸಿಕ್ಕಿತ್ತು.

ಹೋಗುವಾಗ ಮೇಷ್ಟ್ರು ರಟ್ಟನ್ನು ತಿರುಗಿಸಿ ನೋಡಿ, "ಬೆನ್ನಿಗೂ ಒಂದು ಹಾಳೆ ಅಂಟಿಸಮ್ಮ, ಬಾಗಲ್ಲ" ಎಂದರು.

ಮರುದಿನ ಮಧ್ಯಾಹ್ನ ಅವಳು ಒಂದು ನೆಟ್ಟಗಿನ ರಟ್ಟನ್ನು ಹಿಡಿದು ಅಂಗಡಿಗೆ ಓಡಿಬಂದಳು. "ರೀ, ನೋಡಿ! ಹವೆ ಅಲ್ಲ ಕಣ್ರೀ ಅದು. ಬೆನ್ನಿಗೂ ಅಂಟಿಸ್ಬೇಕಂತೆ. ನಿಮಗೂ ಕೆಲಸಕ್ಕೆ ಬರುತ್ತೆ, ಇಟ್ಕೊಂಡಿರಿ ತಲೇಲಿ."

"ಹೌದಾ" ಎಂದ ಅವನು. ಅವಳ ಸಂತೋಷ ನೋಡಿದರೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ನಾಚಿಕೆ ಹೊಟ್ಟೆಕಿಚ್ಚನ್ನು ಆರಿಸುವುದಿಲ್ಲ, ಇನ್ನಷ್ಟು ಊದುತ್ತದೆ.

ಮೇಷ್ಟ್ರು ಬಿಡಲಿಲ್ಲ. ಗ್ರಂಥಾಲಯದ ಮೇಡಂಗೆ ಹೇಳಿ ಆ ವರ್ಷದ ಪ್ರದರ್ಶನಕ್ಕೆ ಅವಳ ಹೆಸರು ಬರೆಸಿಬಿಟ್ಟರು. ಹಾಳಾದ್ದು, ಅದೇ ಪ್ರದರ್ಶನ. ಅವಳಿಗೆ ಆಸೆ ಹತ್ತಿತು. ಜೀವನದಲ್ಲಿ ಇದು ಬೇಕು ಎಂದು ಬಾಯಿಬಿಟ್ಟು ಕೇಳದವಳು ಆ ದಿನ ಊಟಕ್ಕೆ ಬಡಿಸುತ್ತಾ, "ಆ ಓದೋ ಕೋಣೆ ಗೋಡೇಲಿ ನಂದೂ ಒಂದು ಇದ್ರೆ ಹೇಗಿರುತ್ತೆ ಅಲ್ವಾ?" ಎಂದಳು. ಅವನು ಬಾಯಿಗಿಟ್ಟ ತುತ್ತನ್ನು ಬಹಳ ಹೊತ್ತು ಅಗಿದ.

ಅವನ ಅಕ್ಕ ಬಂದವಳು ಉರಿಯುವುದಕ್ಕೆ ಎಣ್ಣೆ ಹೊಯ್ದಳು. ನಾದಿನಿ ಎಂದರೆ ನಾದಿನಿಯೇ, ಆದರೂ ಸತ್ಯ ಹೇಳುವುದರಲ್ಲಿ ಹಿಂದೆ ಬಿದ್ದವಳಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಚಿತ್ರಗಳನ್ನು ಒಂದೊಂದಾಗಿ ನೋಡಿ, "ಅಲ್ಲ ಕಣೋ ತಮ್ಮಾ, ಬಣ್ಣ ಬ್ರಷ್ಷು ಅಂತ ಅಪ್ಪನ ಹತ್ರ ಅಷ್ಟು ಒದೆ ತಿಂದವನು ನೀನು. ನಿನ್ನ ಹೆಂಡತಿ ನೋಡು, ಕಸ ಗುಡಿಸ್ತಾ ಗುಡಿಸ್ತಾ ನಿನ್ನ ಮೀರಿಸಿಬಿಟ್ಳು" ಎಂದಳು.

"ಅತ್ತಿಗೆ, ಸುಮ್ನಿರಿ. ಅವರ ಕೈ ಎಲ್ಲಿ, ನಂದೆಲ್ಲಿ" ಎಂದು ಹೆಂಡತಿ ಸಂಕೋಚಪಟ್ಟಳು. ಅದು ಇನ್ನೂ ಕೆಟ್ಟದಾಗಿ ತಾಗಿತು. ಬೈದಿದ್ದರೆ ಜಗಳವಾಡಬಹುದಿತ್ತು, ಕನಿಕರಕ್ಕೆ ಏನು ಮಾಡುವುದು?

ಎರಡೂವರೆ ತಿಂಗಳು ಅವಳು ಪ್ರದರ್ಶನದ ಚಿತ್ರಕ್ಕೆ ಕೂತಳು. ಮುಗಿಯುವ ತನಕ ಮೇಷ್ಟ್ರಿಗೂ ತೋರಿಸಲಿಲ್ಲ. ಮುಗಿದ ಸಂಜೆ ಅದನ್ನು ತಂದು ಮೇಜಿನ ಮೇಲೆ ಇಟ್ಟು, ಮೇಲಿದ್ದ ಕಾಗದ ತೆಗೆದಳು.

"ಮೊದಲು ನೀವೇ ನೋಡಿ" ಎಂದಳು.

ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ನಿಂತ ಜನರ ಸಾಲು. ಹದಿನೇಳು ಮಂದಿ. ಮುಖ ಯಾರದೂ ಕಾಣುವುದಿಲ್ಲ, ಎಲ್ಲರೂ ಕಿಟಕಿಯತ್ತ ತಿರುಗಿದ್ದಾರೆ. ಬಟ್ಟೆ, ಕೊಡೆ, ಚೀಲ ಎಲ್ಲ ಚೆನ್ನಾಗಿಯೇ ಇತ್ತು. ಅಂಥದ್ದನ್ನು ಇನ್ನೊಬ್ಬರೂ ಮಾಡಬಹುದು. ಅವನ ಕಣ್ಣು ಕೆಳಗಿಳಿಯಿತು. ಚಿತ್ರದ ಕಟ್ಟಕಡೆಯ ಅಂಚಿನಲ್ಲಿ ಮೂವತ್ತನಾಲ್ಕು ಪಾದಗಳು. ಒಬ್ಬ ಮುದುಕಿ ನೋಯುವ ಪಾದವನ್ನು ಇನ್ನೊಂದರ ಮೇಲೆ ಇಟ್ಟುಕೊಂಡಿದ್ದಾಳೆ. ಅವಸರದವನೊಬ್ಬನ ಹಿಮ್ಮಡಿ ನೆಲ ಬಿಟ್ಟಿದೆ. ಒಬ್ಬಳ ಚಪ್ಪಲಿಯ ಪಟ್ಟಿ ಕಿತ್ತು, ಪಿನ್ನು ಹಾಕಿದೆ, ಆ ಪಿನ್ನು ಮಾತ್ರೆಯ ಹಾಳೆಯ ಬೆಳ್ಳಿ ಚೂರು. ಒಂದು ಮಗು ಬೆರಳುಗಳನ್ನು ಒಳಗೆ ಮಡಚಿ ತಣ್ಣನೆಯ ನೆಲದಿಂದ ತಪ್ಪಿಸಿಕೊಳ್ಳುತ್ತಿದೆ. ಮುಖವಿಲ್ಲದ ಹದಿನೇಳು ಜನರ ದಣಿವು, ಭಯ, ಬೇಸರ ಎಲ್ಲ ಅಲ್ಲಿತ್ತು. ಉಗುರಿನಷ್ಟು ಉಗುರಿನಷ್ಟು ಕಾಗದದಲ್ಲಿ.

ಫ್ರೇಮಣ್ಣ ಚಿತ್ರಕಾರನಾಗದೆ ಇರಬಹುದು, ಕಣ್ಣು ಮಾತ್ರ ಚಿತ್ರಕಾರನದೇ. ತಾನು ಏಳು ಜನ್ಮ ಎತ್ತಿ ಬಂದರೂ ಇದನ್ನು ಮಾಡಲಾರೆ ಎಂದು ಆ ಕಣ್ಣು ಅವನಿಗೆ ಹೇಳಿತು. ಇದನ್ನು ಕಂಡ ಯಾರೂ ಬೇರೆ ಚಿತ್ರ ಆರಿಸಲಾರರು ಎಂದೂ ಹೇಳಿತು.

"ಹೇಗಿದೆ?"

"ಪರವಾಗಿಲ್ಲ" ಎಂದ.

ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. "ಅಂಚು ಮುಚ್ಚಬೇಡಿ ಆಯ್ತಾ? ಅಂಚಿನ ತನಕ ಚಿತ್ರ ಇದೆ" ಎಂದು ಒಳಗೆ ಹೋದಳು.

ಚಿತ್ರದ ಮುಂದೆ ಕಿಟಕಿಯ ಹಾಗೆ ಕೂರಿಸುವ ದಪ್ಪ ರಟ್ಟಿಗೆ ಮೌಂಟ್ ಎನ್ನುತ್ತಾರೆ. ಅದು ಸುತ್ತಲೂ ಚಿತ್ರದ ಅಂಚನ್ನು ಅರ್ಧ ಸೆಂಟಿಮೀಟರು ಮುಚ್ಚುತ್ತದೆ. ಅಂಚೂ ಕಾಣಬೇಕೆಂದರೆ ಮೌಂಟನ್ನು ದೊಡ್ಡದಾಗಿ ಕತ್ತರಿಸಿ, ಚಿತ್ರವನ್ನು ಅದರ ನಡುವೆ ಬಿಡಿಯಾಗಿ ಕೂರಿಸಬೇಕು. ಅವನು ಇಂಥದ್ದನ್ನು ನೂರು ಸಲ ಮಾಡಿದ್ದಾನೆ. ಮರುದಿನ ಬೆಳಿಗ್ಗೆ ಸ್ಕೇಲು ಇಟ್ಟು ಅಳೆದ. ಮೇಲೆ ಅರ್ಧ, ಎಡಕ್ಕೆ ಅರ್ಧ, ಬಲಕ್ಕೆ ಅರ್ಧ. ಕೆಳಗೆ ಮೂರು. ತನಗೆ ತಾನೇ ಕಾರಣ ಕೊಟ್ಟುಕೊಂಡ. ಇರುವ ಪಟ್ಟಿಯ ಅಳತೆಗೆ ಇದೇ ಸರಿ ಎಂದ. ಅಂಚು ಬಿಟ್ಟರೆ ಗಾಜು ತಾಗಿ ಚೂರು ಏಳುತ್ತದೆ ಎಂದ. ಕಸುಬಿಗೆ ಕಸುಬಿನದೇ ನಿಯಮ ಇರುತ್ತದೆ, ಹೆಂಗಸರ ಮಾತು ಕೇಳಿ ನಡೆಯುವುದಿಲ್ಲ ಎಂದ. ಒಂದನ್ನೂ ಅವನೇ ನಂಬಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಜಾರದ ಬ್ಲೇಡು ಅಂದೂ ಜಾರಲಿಲ್ಲ.

ಗಾಜು ಕೂರಿಸಿ, ಬೆನ್ನಿಗೆ ಕಾಗದ ಅಂಟಿಸಿ, ಅವಳು ಸಂತೆಯಿಂದ ಬರುವುದರೊಳಗೆ ಕಂದು ಕಾಗದದಲ್ಲಿ ಸುತ್ತಿ ದಾರ ಕಟ್ಟಿಬಿಟ್ಟಿದ್ದ.

"ಒಂದ್ಸಲ ನೋಡ್ತೀನಿ" ಎಂದಳು.

"ಬಿಚ್ಚಬೇಡ. ಗಾಜಿಗೆ ಗೀರು ಬಿದ್ರೆ ಮತ್ತೆ ನನ್ನ ಕೇಳಬೇಡ" ಎಂದು ತಾನೇ ಗ್ರಂಥಾಲಯಕ್ಕೆ ಹೊತ್ತುಕೊಂಡು ಹೋದ.

ಪ್ರದರ್ಶನದ ದಿನ ಮಧ್ಯಾಹ್ನ ಮೂರಕ್ಕೆ ಇಬ್ಬರೂ ಹೋದರು. ಅವಳು ಇಸ್ತ್ರಿ ಮಾಡಿಸಿದ ಸೀರೆ ಉಟ್ಟಿದ್ದಳು. ಸಭಾಂಗಣದಲ್ಲಿ ಇಪ್ಪತ್ತೆಂಟು ಚಿತ್ರ, ಅವಳದು ಬಾಗಿಲ ಬಲಗಡೆ. ಅವಳು ಹತ್ತಿರ ಹೋದಳು. ನಿಂತಳು. ಸ್ವಲ್ಪ ಬಗ್ಗಿದಳು, ಗಾಜಿನ ಕೆಳಗೆ ಇಣುಕಿದರೆ ಸಿಗುತ್ತದೇನೋ ಎನ್ನುವ ಹಾಗೆ. ಆಮೇಲೆ ನೆಟ್ಟಗಾದಳು. ಅವನತ್ತ ತಿರುಗಲಿಲ್ಲ. ಅವನು ಆ ಬೆನ್ನನ್ನು ನೋಡುತ್ತಾ ಎರಡು ಹೆಜ್ಜೆ ಹಿಂದೆಯೇ ಉಳಿದ.

ಅಷ್ಟರಲ್ಲಿ ಮೇಡಂ, ಮೇಷ್ಟ್ರು, ಇನ್ನೊಬ್ಬರು ಆರಿಸುತ್ತಾ ಬಂದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಬಣ್ಣ ಚೆನ್ನಾಗಿದೆ, ಜೋಡಣೆ ಚೆನ್ನಾಗಿದೆ" ಎಂದರು ಮೇಡಂ. "ಆದ್ರೆ ಏನೋ ಕೊರತೆ. ಇವರೆಲ್ಲ ನಿಂತಿದ್ದಾರೆ ಅಂತ ಅನ್ನಿಸ್ತಾನೇ ಇಲ್ಲ. ಬಟ್ಟೆ ನೇತುಹಾಕಿದ ಹಾಗಿದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಮುಖ ಬಾಡಿತ್ತು. "ಪಾದ ಇಡಬೇಕಿತ್ತು ತಾಯಿ. ಇಷ್ಟು ಜನರನ್ನ ನಿಲ್ಲಿಸಿ ಪಾದ ಮರೆತುಬಿಟ್ಟೆಯಲ್ಲ."

ಹತ್ತು ನಿಮಿಷದ ಕೆಲಸ. ಗೋಡೆಯಿಂದ ಇಳಿಸಿ, ಬೆನ್ನಿನ ಕಾಗದ ಸೀಳಿ, ಮೌಂಟು ಎತ್ತಿಬಿಟ್ಟರೆ ಮುಗಿಯಿತು. ತಪ್ಪಾಯ್ತು, ಅಳತೆ ತಪ್ಪಿತು ಎಂದರೂ ಸಾಕಿತ್ತು, ಅದೂ ಮರ್ಯಾದೆಯ ಸುಳ್ಳೇ. ಹೆಂಡತಿ ಈಗ ಹೇಳುತ್ತಾಳೆ, ಈಗ ನನ್ನತ್ತ ಬೆರಳು ಮಾಡುತ್ತಾಳೆ ಎಂದು ಫ್ರೇಮಣ್ಣ ಕಾದ.

"ಹೌದು ಮೇಷ್ಟ್ರೇ" ಎಂದಳು ಅವಳು. "ಮುಂದಿನ ಸಲ ಇಡ್ತೀನಿ."

ಕೊನೆಗೆ ಯಾರದೋ ಹೂದಾನಿಯ ಚಿತ್ರ ಓದುವ ಕೋಣೆಗೆ ಹೋಯಿತು. ಹೆಸರು ಕರೆದಾಗ ಅವನಿಗೆ ಒಂದು ಉಸಿರಿನಷ್ಟು ಹೊತ್ತು ಬಿಸಿಲಲ್ಲಿ ನಡೆದವನಿಗೆ ನೀರು ಸಿಕ್ಕಷ್ಟು ತಂಪಾಯಿತು. ಒಂದೇ ಉಸಿರು. ಆಮೇಲೆ ಅವಳು ಚಪ್ಪಾಳೆ ತಟ್ಟುತ್ತಿರುವುದು ಕಂಡಿತು.

ಚಿತ್ರವನ್ನು ಅವಳೇ ಹಿಡಿದುಕೊಂಡಳು, ಕೊಡು ಎಂದರೂ ಕೊಡಲಿಲ್ಲ. ದಾರಿಯುದ್ದಕ್ಕೂ ಅವಳು ಮುಂದೆ, ಅವನು ಹಿಂದೆ. ಅಂಗಡಿಗೆ ಬಂದು ದೀಪ ಹಾಕಿ, ಚೌಕಟ್ಟನ್ನು ಕಂಬಳಿಯ ಮೇಲೆ ಮಗುಚಿ ಇಟ್ಟಳು. ಬ್ಲೇಡು ತೆಗೆದುಕೊಂಡು ಬೆನ್ನಿನ ಕಾಗದವನ್ನು ನಾಲ್ಕೂ ಕಡೆ ಕೊಯ್ದಳು. ಇಷ್ಟು ವರ್ಷ ನೋಡಿ ನೋಡಿ ಅವಳಿಗೂ ಕೈ ಕೂತಿತ್ತು. ಮೊಳೆ ಕಿತ್ತಳು, ಚಿತ್ರ ಹೊರಗೆ ತೆಗೆದಳು, ಮೌಂಟು ಬದಿಗೆ ಸರಿಸಿದಳು. ಮೂವತ್ತನಾಲ್ಕು ಪಾದಗಳೂ ಅಲ್ಲಿದ್ದವು. ಒಂದೂ ಮುಕ್ಕಾಗಿರಲಿಲ್ಲ.

"ಅಳತೆ ಸ್ವಲ್ಪ..." ಎಂದು ಅವನು ಶುರು ಮಾಡಿದ.

"ಮೂರು ಕಡೆ ಸರಿಯಾಗೇ ಇದೆ" ಎಂದಳು ಅವಳು. ದನಿ ಏರಲಿಲ್ಲ, ಅಳುವೂ ಇರಲಿಲ್ಲ. "ಪಾದ ಮುಚ್ಚಿಹೋಗಿದೆ ಅಂತ ಅವರಲ್ಲಿ ಯಾರಿಗೂ ಗೊತ್ತಾಗಲಿಲ್ಲ ರೀ. ಮೇಡಂಗೆ ಏನೋ ಕೊರತೆ ಅಂತ, ಮೇಷ್ಟ್ರಿಗೆ ನಾನು ಪಾದ ಮರೆತೆ ಅಂತ, ಅಷ್ಟೇ ಅನ್ನಿಸ್ತು. ಈ ಚಿತ್ರದ ಜೀವ ಎಲ್ಲಿದೆ ಅಂತ ಕಂಡವರು ನೀವೊಬ್ಬರೇ. ಅವತ್ತು ಪರವಾಗಿಲ್ಲ ಅಂದ್ರಲ್ಲ, ನಿಮ್ಮ ಕಣ್ಣು ನೋಡಿ ನನಗೆ ಆಗಲೇ ಗೊತ್ತಾಗಿತ್ತು. ಎಷ್ಟು ಖುಷಿ ಆಗಿತ್ತು ಅಂದ್ರೆ, ಒಳಗೆ ಹೋಗಿ ಒಬ್ಬಳೇ ಅತ್ತೆ. ಇಷ್ಟು ದಿನ ನಿಮಗೆ ತೋರಿಸೋಕೆ ಅಂತಾನೇ ಮಾಡಿದ್ದು. ನನಗೆ ಬೇರೆ ಯಾರಿದಾರೆ ಚಿತ್ರ ಗೊತ್ತಿರೋರು?"

ಅವನು ಮೇಜಿನ ಅಂಚು ಹಿಡಿದುಕೊಂಡ. ಇಡೀ ಜನ್ಮದಲ್ಲಿ ಯಾರೂ ಅವನಿಗೆ ಹೇಳದೆ ಇದ್ದ ಮಾತನ್ನು ಅವಳು ಈಗ ಹೇಳಿದ್ದಳು, ಅವನು ಅದನ್ನು ಕಳೆದುಕೊಂಡ ಮೇಲೆ.

ಅವಳು ಚಿತ್ರದ ಮೇಲೆ ಶುಭ್ರ ಕಾಗದ ಹಾಕಿ, ಎರಡು ರಟ್ಟಿನ ನಡುವೆ ಇಟ್ಟು ದಾರ ಕಟ್ಟಿದಳು. ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿದಳು.

"ಬಸ್ ಸ್ಟಾಂಡ್ ಹತ್ರ ಇನ್ನೊಂದು ಫ್ರೇಮ್ ಅಂಗಡಿ ಇದೆಯಲ್ಲ. ಎಷ್ಟು ಹೊತ್ತಿನ ತನಕ ತೆಗೆದಿರ್ತಾರೆ?"

ಗೋಡೆಯ ಗಡಿಯಾರದಲ್ಲಿ ಆರೂವರೆಯಾಗಿತ್ತು. ಮುಚ್ಚಿರುತ್ತಾರೆ ಎಂದುಬಿಡಬಹುದಿತ್ತು.

"ಏಳರ ತನಕ ಇರ್ತಾನೆ" ಎಂದ ಫ್ರೇಮಣ್ಣ. "ಕೆಲಸ ಚೆನ್ನಾಗಿ ಮಾಡ್ತಾನೆ."